ಲೀಟರಿಗೆ 30 ಎಂಎಲ್

ನಮ್ಮ ಕಾಲೇಜಿನ ಮುಂದೆ ದಿನಾ ನಿಲ್ಲುವ ಬೈಕು, ಸ್ಕೂಟರುಗಳಲ್ಲಿ ಒಂದಕ್ಕೂ ಪೆಟ್ರೋಲಿಗೆ ಎಣ್ಣೆ ಬೆರೆಸುವ ಕೆಲಸವಿಲ್ಲ. ಬಂಕಿಗೆ ಹೋಗಿ ಟ್ಯಾಂಕಿನ ಮುಚ್ಚಳ ತೆಗೆದು, ದುಡ್ಡು ಕೊಟ್ಟು ಬಂದರೆ ಮುಗಿಯಿತು. ಬ್ಲಫ್‌ನಲ್ಲಿರುವ ನಮ್ಮ ಮನೆಯ ಗಾಡಿಗೆ ಅಷ್ಟು ಸಾಲದು. ಅದು ನಮ್ಮ ದಾದಾ ಅವರ ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. 1961ರಲ್ಲಿ ಬೈಕು ಮಾಡಲು ಶುರು ಮಾಡಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗ ಅದೇ ಹೆಸರಿನಲ್ಲಿ ಹೊಸ ಬೈಕುಗಳು ಬಂದಿವೆ, ಆದರೆ ಅವು ಫೋರ್ ಸ್ಟ್ರೋಕ್. ದಾದಾ ಅವನ್ನು ಯೆಜ್ಡಿ ಎಂದು ಒಪ್ಪುವುದಿಲ್ಲ. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿ ಗೇರ್ ಹಾಕಲು ಆಗದಿದ್ದರೆ ಅದೆಂಥ ಯೆಜ್ಡಿ ಎನ್ನುತ್ತಾರೆ.

ಫೋರ್ ಸ್ಟ್ರೋಕ್ ಎಂಜಿನ್ನಿನ ಕೆಳಗೆ ಎಣ್ಣೆ ಬೇರೆಯಾಗಿಯೇ ನಿಂತಿರುತ್ತದೆ. ಟೂ ಸ್ಟ್ರೋಕ್‌ನಲ್ಲಿ ಹಾಗಿಲ್ಲ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೇಸಿಗೆ ಬರುತ್ತದೆ, ಅಲ್ಲಿಂದ ಮೇಲೆ ಹೋಗಿ ಉರಿಯುತ್ತದೆ. ಹಾಗೆ ಹಾದುಹೋಗುವಾಗ ಅದರಲ್ಲಿರುವ ಎಣ್ಣೆ ಬೇರಿಂಗುಗಳಿಗೆ, ಕನೆಕ್ಟಿಂಗ್ ರಾಡಿಗೆ, ಸಿಲಿಂಡರಿನ ಗೋಡೆಗೆ ಅಂಟಿಕೊಳ್ಳಬೇಕು. ಬೇರೆ ದಾರಿಯಿಂದ ಎಣ್ಣೆ ಬರುವುದಿಲ್ಲ. ಆದ್ದರಿಂದ ನಾವು ಡಬ್ಬಿಯಲ್ಲಿ ಏನು ಬೆರೆಸುತ್ತೇವೋ ಅದೇ ಎಂಜಿನ್ನಿನ ಆಯಸ್ಸು. ಮಾದಪ್ಪನ ಬೆಟ್ಟದಂಥ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಉದ್ದಕ್ಕೂ ಇಳಿಯಬಾರದು ಎಂದು ಹಳಬರು ಹೇಳುವುದೂ ಇದಕ್ಕೇ. ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲು ಹೋಗುತ್ತಿರುವುದಿಲ್ಲ, ಅಂದರೆ ಎಣ್ಣೆಯೂ ಹೋಗುತ್ತಿರುವುದಿಲ್ಲ.

ದಾದಾ ಪವರ್ ಹೌಸಿನಲ್ಲಿ ಕೆಲಸ ಮಾಡಿದವರು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ನಮ್ಮೂರಿನ ಪವರ್ ಹೌಸ್ ಬಗ್ಗೆ ನಿಮಗೆಲ್ಲ ಪಾಠದಲ್ಲಿ ಬಂದಿರುತ್ತದೆ. ಅಲ್ಲಿ ಯಂತ್ರಗಳ ಬೇರಿಂಗಿಗೆ ಎಣ್ಣೆ ನೋಡಿಕೊಳ್ಳುವುದು ಇವರ ಕೆಲಸವಾಗಿತ್ತು. ಹಾಗಾಗಿ ಎಣ್ಣೆಯ ವಿಷಯದಲ್ಲಿ ಮನೆಯಲ್ಲಿ ಯಾರ ಮಾತೂ ನಡೆಯುತ್ತಿರಲಿಲ್ಲ. ಐದು ಲೀಟರಿನ ಡಬ್ಬಿ, ಕೆಮ್ಮಿನ ಔಷಧಿಯ ಜೊತೆ ಬಂದ ಸಣ್ಣ ಅಳತೆಯ ಲೋಟ, ಒಂದು ಆಲಿಕೆ, ಒಂದು ಹಳೆಯ ಬನಿಯನ್ ಬಟ್ಟೆ. ಲೀಟರಿಗೆ 30 ಎಂಎಲ್ ಟೂಟಿ ಎಣ್ಣೆ. ಐದು ಲೀಟರಿಗೆ 150. ಮೊದಲು ಡಬ್ಬಿಗೆ ಸ್ವಲ್ಪ ಪೆಟ್ರೋಲು, ಅದಕ್ಕೆ ಎಣ್ಣೆ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಬೇಕು, ಆಮೇಲೆ ಉಳಿದ ಪೆಟ್ರೋಲು, ಮತ್ತೆ ಕುಲುಕಬೇಕು. ಎಣ್ಣೆಯನ್ನು ನೇರ ಟ್ಯಾಂಕಿಗೆ ಸುರಿಯುವವರನ್ನು ಕಂಡರೆ ದಾದಾಗೆ ಆಗದು. ಎಣ್ಣೆ ಪೆಟ್ರೋಲಿಗಿಂತ ಭಾರ, ಬೆರೆಯದೆ ತಳಕ್ಕೆ ಹೋಗಿ ಕೂರುತ್ತದೆ.

ಎಣ್ಣೆ ಜಾಸ್ತಿ ಹಾಕಿದರೆ ಎಂಜಿನ್ನಿಗೆ ಒಳ್ಳೆಯದಲ್ಲವೇ ಎಂದು ನನ್ನ ಗೆಳತಿಯರು ಕೇಳುತ್ತಾರೆ. ಅಲ್ಲ. ಎಣ್ಣೆ ಹೆಚ್ಚಿದಷ್ಟೂ ಕಾರ್ಬೊರೇಟರಿನ ಅದೇ ತೂತಿನಲ್ಲಿ ಹೋಗುವ ಪೆಟ್ರೋಲು ಕಡಿಮೆಯಾಗುತ್ತದೆ, ಎಂಜಿನ್ ಇನ್ನೂ ಬಿಸಿಯಾಗುತ್ತದೆ. ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಸೈಲೆನ್ಸರಿನಲ್ಲಿ ಇಂಗಾಲ ಕಟ್ಟುತ್ತದೆ, ಹಿಂದೆ ಬರುವವರು ಹೊಗೆ ಕುಡಿಯಬೇಕು. ಪ್ಲಗ್ ಬಿಚ್ಚಿ ನೋಡಿದರೆ ಕಾಫಿ ಪುಡಿಯ ಬಣ್ಣ ಇರಬೇಕು. ಕಪ್ಪಗೆ ಒದ್ದೆಯಾಗಿದ್ದರೆ ಎಣ್ಣೆ ಹೆಚ್ಚು, ಬೆಳ್ಳಗಿದ್ದರೆ ಎಂಜಿನ್ ಕಾಯುತ್ತಿದೆ. ಕರಾವಳಿಯ ದೋಣಿಗಳ ಹಿಂಬದಿಗೆ ಕಟ್ಟುವ ಹಳೆಯ ಔಟ್‌ಬೋರ್ಡ್ ಮೋಟರುಗಳದ್ದೂ ಇದೇ ಕಥೆ. ಕೆಲವಕ್ಕೆ 25 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ, ಕೆಲವಕ್ಕೆ 50ಕ್ಕೆ ಒಂದು. ಅವಕ್ಕೆ ನೀರಿನಿಂದ ತಂಪು, ನಮ್ಮದಕ್ಕೆ ಗಾಳಿಯಿಂದ ತಂಪು, ಹಾಗಾಗಿ ಎಣ್ಣೆಯ ಜಾತಿಯೂ ಬೇರೆ. ಬ್ಲಫ್‌ನ ಬಂಡೆಗಳ ನಡುವೆ ಮೋಟರು ದೋಣಿ ನಡೆಯುವ ಮಾತೇ ಇಲ್ಲ, ನಮ್ಮದು ತೆಪ್ಪದ ಊರು, ಅದಕ್ಕೆ ಎಣ್ಣೆ ಬೇಡ.

ಹೋದ ವರ್ಷದ ಮಳೆಗಾಲದಲ್ಲಿ ಗಾಡಿ ಸೀಜ್ ಆಯಿತು.

ಗಗನಚುಕ್ಕಿಯ ಹತ್ತಿರ ಅಬ್ಬಾ ಅವರದು ಸಣ್ಣ ಅಂಗಡಿ. ಹೊಳೆ ತುಂಬಿದಾಗಲೇ ಜನ, ಜನ ಬಂದಾಗಲೇ ವ್ಯಾಪಾರ. ಸಾಮಾನೆಲ್ಲ ಮಳವಳ್ಳಿಯಿಂದ ಬರಬೇಕು, ಅದನ್ನು ಹೊತ್ತು ತರುವುದು ಈ ಯೆಜ್ಡಿಯೇ. ದಾದಾಗೆ ಜ್ವರ ಬಂದು ಮೂರು ವಾರ ಗಾಡಿ ಹೊರಗೆ ನಿಂತಿತ್ತು, ಮಳೆ ಬಿಟ್ಟಿರಲಿಲ್ಲ. ನಾಲ್ಕನೇ ವಾರ ಅಬ್ಬಾ ತೆಗೆದುಕೊಂಡು ಹೊರಟರು. ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆ ಇದ್ದುದರಿಂದ ಕಾಕನ್ನು ರಿಸರ್ವಿಗೆ ತಿರುಗಿಸಿದ್ದರು. ಮಳವಳ್ಳಿ ರಸ್ತೆಯಲ್ಲಿ ಎಂಜಿನ್ ಕಿರ್ರೆಂದು ಹಿಂದಿನ ಚಕ್ರ ಹಿಡಿದುಕೊಂಡಿತು. ಬೀಳಲಿಲ್ಲ, ಅಲ್ಹಮ್ದುಲಿಲ್ಲಾ. ಆದರೆ ಸಿಲಿಂಡರ್ ಗೀರಿ ಹೋಗಿ ಬೋರಿಂಗ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಬೇಕಾಯಿತು. ಸೀಸನ್ನಿನ ದುಡ್ಡೆಲ್ಲ ಅದಕ್ಕೇ ಹೋಯಿತು.

ದಾದಾ ಅವರ ಕಣ್ಣಿಗೆ ಪೊರೆ ಬಂದಿದೆ. ಅಬ್ಬಾ ಬೈಯಲಿಲ್ಲ. "ನಿಮಗೆ ಅಳತೆಯ ಗೆರೆ ಕಾಣುವುದಿಲ್ಲ, ಬಿಡಿ ಅಬ್ಬಾಜಾನ್" ಎಂದರು ಅಷ್ಟೆ. ಅದು ಬೈಗುಳಕ್ಕಿಂತ ಹೆಚ್ಚಾಯಿತು. ದಾದಾ ಏನೂ ಹೇಳಲಿಲ್ಲ. ಅಂದಿನಿಂದ ಅವರು ಡಬ್ಬಿ ಮುಟ್ಟಲಿಲ್ಲ. ಗಾಡಿಯನ್ನು ಮಾರಿಬಿಡುವ ಮಾತು ಮನೆಯಲ್ಲಿ ಶುರುವಾಯಿತು. ಹಳೆಯ ಯೆಜ್ಡಿಗೆ ಮೈಸೂರಿನಲ್ಲಿ ಗಿರಾಕಿ ಇದ್ದಾರೆ.

ರಿಪೇರಿಯಾದ ಗಾಡಿ ತರಲು ಹೋದಾಗ ನಾನೂ ಅಬ್ಬಾ ಜೊತೆಗಿದ್ದೆ. ಮೆಕ್ಯಾನಿಕ್ ಅಣ್ಣ ನೀರಿನ ಬಾಟಲಿಯೊಂದನ್ನು ತಂದು ತೋರಿಸಿದರು. "ನಿಮ್ ಟ್ಯಾಂಕಿಂದ ಇಳಿಸಿದ್ದು ಕಣವ್ವ. ನೀರು ಸೇರ್ಕಂಡದೆ, ನೋಡು" ಎಂದರು. ಒಳಗೆ ಎರಡು ಪದರ. ಮೇಲಿನದು ಹಸಿರು, ಕೆಳಗಿನದು ಬಣ್ಣವಿಲ್ಲದ್ದು. ನಾವು ತರುವ ಟೂಟಿ ಎಣ್ಣೆಗೆ ಹಸಿರು ಬಣ್ಣ ಹಾಕಿರುತ್ತಾರೆ. ಅಂದರೆ ಎಣ್ಣೆಯೆಲ್ಲ ಮೇಲೆ ಇತ್ತು. ಆದರೆ ಟ್ಯಾಂಕಿನ ಸೀಲ್ ಸವೆದು ಒಳಗೆ ಇಳಿದ ಮಳೆನೀರು ಅಷ್ಟೊಂದಿರಲು ಸಾಧ್ಯವೇ ಎಂಬುದು ನನಗೆ ಅರ್ಥವಾಗಲಿಲ್ಲ.

ಕೆಮಿಸ್ಟ್ರಿ ಮೇಡಂಗೆ ಹೇಳಿದೆ. ಅವರು ಲ್ಯಾಬಿನ ಹೊರಗೆ, ಬರ್ನರುಗಳಿಂದ ದೂರ, 100 ಎಂಎಲ್ ಪೆಟ್ರೋಲಿಗೆ 10 ಎಂಎಲ್ ನೀರು ಹಾಕಿ ಕುಲುಕಿ ಇಡಿಸಿದರು. ನೀರು ಕೆಳಗಿಳಿದು 10ಕ್ಕೆ ನಿಲ್ಲಬೇಕಲ್ಲವೇ? ಹತ್ತಿರ ಹತ್ತಿರ 30ಕ್ಕೆ ನಿಂತಿತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಇರುತ್ತದೆ. ಎಥನಾಲ್‌ಗೆ ಪೆಟ್ರೋಲಿಗಿಂತ ನೀರಿನ ನೆಂಟಸ್ತನ ಹೆಚ್ಚು, ನೀರು ಸಿಕ್ಕರೆ ಪೆಟ್ರೋಲನ್ನು ಬಿಟ್ಟು ಅದರ ಜೊತೆ ತಳಕ್ಕೆ ಇಳಿಯುತ್ತದೆ. ಲೀಟರಿಗೆ ಎರಡು ಮೂರು ಚಮಚ ನೀರು ಸೇರಿದರೂ ಸಾಕು. ಎರಡನೇ ಸಲ ಟೂಟಿ ಎಣ್ಣೆಯನ್ನೂ ಬೆರೆಸಿ ನೋಡಿದೆವು. ಹಸಿರು ಪೂರ್ತಿ ಮೇಲೇ ಉಳಿಯಿತು. ರಿಸರ್ವ್ ಎಂದರೆ ಟ್ಯಾಂಕಿನ ತಳ. ಅಬ್ಬಾ ಆ ದಿನ ಓಡಿಸಿದ್ದು ಎಣ್ಣೆಯೇ ಇಲ್ಲದ ಆ ಪದರದ ಮೇಲೆ. ದಾದಾ 150 ಅಲ್ಲ, 300 ಎಂಎಲ್ ಹಾಕಿದ್ದರೂ ಅದೆಲ್ಲ ಮೇಲೆ ತೇಲುತ್ತಿತ್ತು.

ಇದನ್ನು ಮನೆಯಲ್ಲಿ ಅಬ್ಬಾ ಎದುರಿಗೇ ಹೇಳಿದೆ. ಬಾಟಲಿಯನ್ನೂ ಕಿಟಕಿಯ ಮೇಲೆ ಇಟ್ಟೆ. ಅಬ್ಬಾ ಅದನ್ನು ಎರಡು ಸಲ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ದಾದಾ ಅವರ ಹತ್ತಿರ ಹೋಗಿ ಕುಳಿತರು. ಅಲ್ಲಿ ಏನು ಮಾತಾಯಿತೋ ನಾನು ಕೇಳಲು ಹೋಗಲಿಲ್ಲ. ಸಂಜೆ ದಾದಾ ನನ್ನನ್ನು ಕರೆದು, "ಆ ಲೋಟ ಎಲ್ಲಿಟ್ಟೆ ಬೇಟಿ?" ಎಂದರು.

ಈಗ ಗೆರೆ ನಾನು ನೋಡುತ್ತೇನೆ, ಕುಲುಕುವುದು ಅವರು. ಮಾರುವ ಮಾತು ಪೂರ್ತಿ ನಿಂತಿಲ್ಲ. ಈ ಹೊಗೆಯ ಗಾಡಿ ಇನ್ನು ಎಷ್ಟು ದಿನ ಎಂದು ಅಬ್ಬಾ ಕೇಳುವುದರಲ್ಲೂ ನ್ಯಾಯವಿದೆ. ಟೂ ಸ್ಟ್ರೋಕ್‌ನಲ್ಲಿ ಸ್ವಲ್ಪ ಪೆಟ್ರೋಲು ಉರಿಯದೆಯೇ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಕಣ್ಣಿನ ಮೇಲೆ ಮಾತು ಹಾಕಿ ಮಾರುವ ವಿಷಯ ಮಾತ್ರ ಮುಗಿದಿದೆ.

ಬದಲಾದದ್ದು ಇಷ್ಟು. ಟ್ಯಾಂಕ್ ಮುಚ್ಚಳಕ್ಕೆ ಹೊಸ ರಬ್ಬರ್ ವಾಷರ್ ಬಂದಿದೆ, ಗಾಡಿ ಜಗಲಿಯ ಮೇಲೆ ನಿಲ್ಲುತ್ತದೆ. ಐದು ಲೀಟರ್ ಒಮ್ಮೆಗೇ ಬೆರೆಸುವುದಿಲ್ಲ, ಎರಡೇ ಲೀಟರ್, 60 ಎಂಎಲ್. ಡಬ್ಬಿಯ ಮೇಲೆ ಬೆರೆಸಿದ ತಾರೀಖನ್ನು ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಹದಿನೈದು ದಿನ ದಾಟಿದರೆ ಗಾಜಿನ ಬಾಟಲಿಗೆ ಸ್ವಲ್ಪ ಸುರಿದು ಪದರ ನೋಡುತ್ತೇವೆ. ಪದರ ಕಂಡರೆ ಆ ಪೆಟ್ರೋಲನ್ನು ಚರಂಡಿಗೆ ಚೆಲ್ಲಬಾರದು, ಅದು ಹೊಳೆಗೇ ಹೋಗುತ್ತದೆ. ಡಬ್ಬಿ ಸಮೇತ ಮೆಕ್ಯಾನಿಕ್ ಅಣ್ಣನಿಗೆ ಕೊಡುತ್ತೇವೆ, ಅವರು ಅದರಲ್ಲಿ ಚೈನು ತೊಳೆಯುತ್ತಾರೆ.