ಲಾಂಚು ಹೊರಡೋಗಂಟ

ಬಾವಿಗೆ ಬಗ್ಗಿ ನೋಡಿದರೆ ತಳದಲ್ಲಿ ತಟ್ಟೆಯಗಲ ಮಿನುಗುತ್ತಿತ್ತಲ್ಲ, ನಮ್ಮ ಸಿ.ಎನ್. ದುರ್ಗದ ಮಕ್ಕಳಿಗೆ ನೀರು ಅಂದರೆ ಅಷ್ಟೇ. ಜಯಮಂಗಲಿ ನಮ್ಮ ಸೀಮೆಯ ಹೊಳೆ ಅಂತ ಪರೀಕ್ಷೆಯಲ್ಲಿ ಬರೆದು ನಂಬರು ತಗೋತಿದ್ದೆವು. ಆ ಹೊಳೆಯೋ ಮಳೆಗಾಲದಲ್ಲಿ ನಾಲ್ಕು ದಿನ ಕೆಂಪಗೆ ಹರಿದು, ಉಳಿದಷ್ಟು ದಿನ ಮರಳಲ್ಲಿ ಒರತೆ ತೋಡಿಸಿಕೊಂಡು ಮಲಗಿರುತ್ತಿತ್ತು. ಯಾವತ್ತೋ ಕೆರೆ ಕೋಡಿ ಬಿದ್ದ ವರ್ಷ ಬಾಳೆದಿಂಡು ಕಟ್ಟಿಕೊಂಡು ತೇಲಿದ್ದೇ ನಮ್ಮ ಜಲಯಾನ. ಅಂಥ ಮನೆಯ ಹನ್ನೊಂದು ಮಕ್ಕಳು, ಬಸ್ಸನ್ನೇ ಹೊತ್ತುಕೊಂಡು ನೀರ ಮೇಲೆ ಹೋಗುವ ಲಾಂಚು ಹತ್ತಿದ್ದು ಸಿಗಂದೂರಿನ ದಾರಿಯಲ್ಲಿ.

1990ರ ದಶಕದ ಕೊನೆಯ ಮಾತು. ರಾಗಿ ಗುಡಾಣ ಸೇರಿ, ಕಡ್ಲೆಕಾಯಿ ಮಾರಿದ ದುಡ್ಡು ದೊಡ್ಡಪ್ಪನ ಪಟಾಪಟಿ ಚಡ್ಡಿಯ ಜೇಬಿಗೆ ಬಿದ್ದ ಮೇಲೆ ಒಂದು ರಾತ್ರಿ ಉಣ್ಣುತ್ತಾ ಉಣ್ಣುತ್ತಾ ಅವರೇ, “ಅಮ್ಮನೋರ್‍ತಕ್ಕೆ ಹೋಗ್ಬರಾನ” ಅನ್ನುತ್ತಿದ್ದರು. ಅಲ್ಲಿಂದ ಮನೆಯೊಳಗೆ ಯಾರ ಕಾಲೂ ನಿಲ್ಲುತ್ತಿರಲಿಲ್ಲ. ಕೊರಟಗೆರೆಯಿಂದ ಮೆಟಡೋರ್ ಗೊತ್ತು ಮಾಡುವುದು ಚಿಕ್ಕಪ್ಪನ ಪಾಲು, ಮುತ್ತುಗದ ಎಲೆ ಒರೆಸಿ ಕಂತೆ ಕಟ್ಟುವುದು ಹೆಣ್ಣುಮಕ್ಕಳ ಪಾಲು, ಕಡ್ಲೆಕಾಯಿ ಸುಲಿಯುತ್ತಾ ಮೂರರಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡು ಬೈಸಿಕೊಳ್ಳುವುದು ನಮ್ಮ ಪಾಲು. ಹೊರಡುವ ಹಿಂದಿನ ರಾತ್ರಿಯಂತೂ ಹುಣಸೆಗೊಜ್ಜು ಕುದಿಯುವ ವಾಸನೆ, ಹುಚ್ಚೆಳ್ಳು ಹುರಿಯುವ ಘಮ, ತಂಬಿಟ್ಟಿಗೆ ಬೆಲ್ಲ ಕುಟ್ಟುವ ಸದ್ದು ಎಲ್ಲಾ ಸೇರಿ ಕಣ್ಣಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಬೆಳಗಿನ ಜಾವ ಅಜ್ಜಿ ತನ್ನ ಹಳೇ ಕೆಂಪು ಸೀರೆಯ ತುಂಡು ಹಾಸಿ, ಪುಳಿಯೋಗರೆಯ ಡಬ್ಬರಿ ಇಟ್ಟು, ನಾಲ್ಕು ಮೂಲೆ ಎಳೆದು ಎರಡೆರಡು ಗಂಟು ಬಿಗಿದು ಹೇಳುತ್ತಿದ್ದುದು ಒಂದೇ ಮಾತು: “ಲಾಂಚು ಹೊರಡೋಗಂಟ ಈ ಗಂಟು ಮುಟ್ಟಿದ್ರೆ ಕೈ ಮುರೀತೀನಿ ಕಣ್ರಲಾ.”

ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ. ಅದರಲ್ಲಿ ಹೇಳುವಂಥದ್ದೇನಿಲ್ಲ, ಇಬ್ಬರು ವಾಂತಿ ಮಾಡಿಕೊಳ್ಳುತ್ತಿದ್ದರು, ಉಳಿದವರು ನಿಂಬೆಹಣ್ಣು ಮೂಸುತ್ತಿದ್ದರು. ಸಾಗರ ದಾಟಿ ಆವಿನಹಳ್ಳಿ ಕಡೆ ತಿರುಗಿದ ಮೇಲೆ ಗಾಳಿಯೇ ಬೇರೆ. ಒದ್ದೆ ಎಲೆಯ ವಾಸನೆ. ಹೊಳೆಬಾಗಿಲು ಅನ್ನುವ ಕಡೆ ರಸ್ತೆ ಸೀದಾ ಹೋಗಿ ನೀರೊಳಗೆ ಇಳಿದುಬಿಡುತ್ತಿತ್ತು. ರಸ್ತೆ ಅನ್ನೋದು ಹಾಗೆ ನೀರಿಗೆ ಬಿದ್ದು ಮುಗಿದುಹೋಗಬಹುದು ಅಂತ ನಮಗೆ ಅಲ್ಲೀತನಕ ಗೊತ್ತೇ ಇರಲಿಲ್ಲ.

ವಾಹನಗಳ ಸಾಲಿನಲ್ಲಿ ಕಾಯುವುದೇ ಒಂದು ಹಬ್ಬ. ಆಚೆ ದಡದಲ್ಲಿ ಬೆಂಕಿಪೊಟ್ಟಣದಷ್ಟು ಕಾಣುತ್ತಿದ್ದದ್ದು ಹತ್ತಿರ ಬರುತ್ತಾ ಬರುತ್ತಾ ಅಂಗಳದಷ್ಟಾಗಿ, ಮುಂದಿನ ಕಬ್ಬಿಣದ ಹಲಗೆ ದಡಕ್ಕೆ ಢಣ್ ಅಂತ ಇಳಿಯುತ್ತಿತ್ತು. ಮೊದಲು ಊರಿನವರು, ಆಮೇಲೆ ನಾವು. ಮೆಟಡೋರಿನಿಂದ ನಮ್ಮನ್ನೆಲ್ಲಾ ಇಳಿಸಿ, ಚಾಲಕನೊಬ್ಬನೇ ಗಾಡಿ ಹತ್ತಿಸುತ್ತಿದ್ದ. ಲಾಂಚಿನವರು “ಬರ್ಲಿ, ಬರ್ಲಿ, ಸಾಕು” ಅನ್ನುತ್ತಾ ಒಂದು ಬಸ್ಸು, ಎರಡು ಜೀಪು, ನಮ್ಮ ಗಾಡಿ, ಸಂದಿಯಲ್ಲಿ ಬೈಕುಗಳನ್ನು, ನಮ್ಮಜ್ಜಿ ಮೊರದಲ್ಲಿ ಹಪ್ಪಳ ಜೋಡಿಸಿದ ಹಾಗೆ ಜೋಡಿಸುತ್ತಿದ್ದರು. ಅಂಚಿನಲ್ಲಿ ಒಂದಷ್ಟು ಬೆಂಚು. ಡೀಸೆಲ್ ವಾಸನೆ, ಬಿಸಿ ಕಬ್ಬಿಣದ ವಾಸನೆ, ಯಾರದೋ ಬುಟ್ಟಿಯಿಂದ ಮಲ್ಲಿಗೆ. ತಗಡು ಒಂದೇ ಸಮ ನಡುಗುತ್ತಾ ಪಾದದಿಂದ ಹಲ್ಲಿನವರೆಗೂ ಜುಮ್ಮೆನ್ನುತ್ತಿತ್ತು. ಬಾಯಿ ತೆರೆದು “ಆ” ಅಂದರೆ ದನಿಯೂ ನಡುಗುತ್ತಿತ್ತು. ಹನ್ನೊಂದು ಜನವೂ ಒಟ್ಟಿಗೆ “ಆ” ಅಂದು ಬೈಸಿಕೊಂಡದ್ದುಂಟು.

ಆ ಲಾಂಚಿನಲ್ಲಿ ಚಾ ಇಲ್ಲ, ತಿಂಡಿ ಇಲ್ಲ, ಫ್ಯಾನಿಲ್ಲ. ದಾಟಿಸುವುದೊಂದೇ ಅದರ ಕೆಲಸ. ಉಳಿದ ಸೇವೆಯೆಲ್ಲ ನಮ್ಮ ಮನೆಯವರದೇ. ಹಲಗೆ ಎತ್ತಿ ನೀರು ಹಿಂದಕ್ಕೆ ಸರಿಯಲು ಶುರುವಾದೊಡನೆ ಅಜ್ಜಿ ಸೆರಗಿನ ತುದಿ ಬಿಚ್ಚಿ ಒಂದು ಕಾಸು, ಒಂದು ಚಿಟಿಕೆ ರಾಗಿ ನೀರಿಗೆ ಬಿಟ್ಟು ಕೈ ಮುಗಿದು, ಆಮೇಲೆ ಕೆಂಪು ಗಂಟಿಗೆ ಕೈ ಹಾಕುತ್ತಿದ್ದಳು. ಬೆರಳಲ್ಲಿ ಬರುತ್ತಿರಲಿಲ್ಲ, ಬಾಗಿ ಹಲ್ಲಿನಲ್ಲಿ ಎಳೆಯುತ್ತಿದ್ದಳು. ಎಲೆ ಹಾಸಲು ಜಾಗವಿಲ್ಲ, ಗಾಳಿಗೆ ಎಲೆ ನಿಲ್ಲೋದೂ ಇಲ್ಲ. ಅಂಗೈಗೇ ಒಂದೊಂದು ತುತ್ತು, ಮೇಲೆ ಹುಚ್ಚೆಳ್ಳು ಪುಡಿ. ದೊಡ್ಡಮ್ಮ ಸುತ್ತಲಿದ್ದವರಿಗೂ ಹಂಚುತ್ತಿದ್ದಳು: ಬಸ್ಸಿನ ಕಂಡಕ್ಟರಿಗೆ, ಕಾಲೇಜಿಂದ ಬರುತ್ತಿದ್ದ ಹುಡುಗಿಯರಿಗೆ, ಹಗ್ಗ ಸುತ್ತುತ್ತಿದ್ದ ಲಾಂಚಿನವನಿಗೂ. ದಾಟಲು ಇಪ್ಪತ್ತು ನಿಮಿಷವೋ ಏನೋ. ಅಷ್ಟರೊಳಗೆ ಡಬ್ಬರಿ ತಳ ಕಾಣಬೇಕು, ತಂಬಿಟ್ಟು ಮುಗಿಯಬೇಕು, ಅದೇ ಪಂದ್ಯ. ಪುಳಿಯೋಗರೆಯನ್ನು ಆಮೇಲೆ ಎಷ್ಟೋ ಕಡೆ ತಿಂದಿದ್ದೇವೆ. ಆ ರುಚಿಗೆ ಡೀಸೆಲ್ ಹೊಗೆಯೂ ಬೇಕೇನೋ.

“ಇದರಡಿ ಊರುಗಳಿದಾವೆ ಕಣ್ರಪ್ಪಾ” ಅಂತ ಕಂಬಿ ಹಿಡಿದು ನಿಂತ ದೊಡ್ಡಪ್ಪ ಹೇಳುತ್ತಿದ್ದರು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ಹಿಂದಕ್ಕೆ ಹರಡಿ ಗದ್ದೆ, ತೋಟ, ಗುಡಿ ಮುಳುಗಿ, ಕರೂರು ಹೋಬಳಿಯ ಹಳ್ಳಿಗಳು ನೀರಿನಾಚೆ ಉಳಿದುಬಿಟ್ಟವು. “ನಮ್ ತೋಟದ ಮೋಟ್ರು ತಿರುಗೋ ಕರೆಂಟು ಇಲ್ಲಿಂದ್ಲೇ ಬರೋದು” ಅಂದದ್ದು ಆಗ ನಮಗೆ ಹೆಮ್ಮೆಯಾಗಿ ಕೇಳಿಸಿತ್ತು, ನಮ್ಮ ಮನೆಯ ನೆಂಟರೊಬ್ಬರು ದೊಡ್ಡ ಕೆಲಸದಲ್ಲಿದ್ದ ಹಾಗೆ.

ಒಂದು ಸಲ ಬೆಂಚಿನ ಮೇಲೆ ಮೊಮ್ಮಗನನ್ನು ತೊಡೆಗೆ ಹಾಕಿಕೊಂಡಿದ್ದ ಅಜ್ಜಿಯೊಬ್ಬಳು, “ಎಲ್ಲಿ ಆಯ್ತು ನಿಮ್ಗೆ?” ಅಂತ ದೊಡ್ಡಮ್ಮನನ್ನು ಮಾತಾಡಿಸಿದಳು. ಕೈಚೀಲದಲ್ಲಿ ಔಷಧಿ ಶೀಸೆ. ಸಾಗರದ ಆಸ್ಪತ್ರೆಯಿಂದ ಬರುತ್ತಿದ್ದಳಂತೆ. ಮಗುವಿಗೆ ಜ್ವರ ಏರಿದ್ದು ರಾತ್ರಿ, ಲಾಂಚು ಶುರುವಾಗೋದು ಬೆಳಿಗ್ಗೆ. ತಣ್ಣೀರು ಬಟ್ಟೆ ಹಾಕುತ್ತಾ ಕೂತಿದ್ದೆ ಅಂದಳು, ಅಷ್ಟೆ. ದೊಡ್ಡಮ್ಮ ತಂಬಿಟ್ಟು ಕೊಟ್ಟಳು. ಅದನ್ನು ಸೆರಗಿಗೆ ಕಟ್ಟಿಕೊಂಡಳೇ ಹೊರತು ತಿನ್ನಲಿಲ್ಲ. ಕಂಬಿಗೆ ಜೋತು ನೊರೆ ನೋಡುತ್ತಿದ್ದ ನಮಗೆ ಆ ಅಜ್ಜಿಯ ಮುಖ ನೆನಪಾದದ್ದು ಎಷ್ಟೋ ವರ್ಷದ ಮೇಲೆ, ನಮ್ಮ ಮಕ್ಕಳಿಗೆ ರಾತ್ರಿ ಜ್ವರ ಬಂದಾಗ.

ಕಳಸವಳ್ಳಿ ದಡ ಇಳಿದು ಸಿಗಂದೂರು ಚೌಡಮ್ಮನ ದರ್ಶನ. ಕಳ್ಳರ ಕಾಟಕ್ಕೆ ಅಮ್ಮನ ಹೆಸರಿನ ಬೋರ್ಡು ಹಾಕುತ್ತಾರಲ್ಲ, ಅದೊಂದನ್ನು ದೊಡ್ಡಪ್ಪ ತಂದು ಹುಣಸೆತೋಪಿಗೆ ಕಟ್ಟಿದರು. ಹಣ್ಣು ಕದಿಯುತ್ತಿದ್ದವರು ನಾವೇ. ಆ ವರ್ಷ ನಾವು ಆ ಕಡೆ ತಲೆ ಹಾಕಲಿಲ್ಲ.

ಬರುವಾಗ ಅಜ್ಜಿ ಐದು ಲೀಟರಿನ ಎಣ್ಣೆ ಕ್ಯಾನಿಗೆ ಶರಾವತಿ ತುಂಬಿಸಿಕೊಳ್ಳುತ್ತಿದ್ದಳು. ಊರಿಗೆ ಬಂದು ಕಾಲು ತೊಳೆಯುವ ಮೊದಲೇ ನಮ್ಮ ಸೇದೋ ಬಾವಿಯ ಕಟ್ಟೆ ಹತ್ತಿ, ರಾಟೆಯ ಪಕ್ಕದಿಂದ ನಿಧಾನಕ್ಕೆ ಸುರಿಯುತ್ತಿದ್ದಳು, “ನೋಡ್ಕಂಡು ಕಲ್ತ್ಕೊ” ಅಂತ ಬಾವಿಗೆ ಹೇಳುತ್ತಾ. ಬಾವಿ ಕಲಿಯಲಿಲ್ಲ. ಮೂರು ಬೋರು ಕೊರೆಸಿದ ಮೇಲೆ ಅದರ ಬಾಯಿಗೆ ಚಪ್ಪಡಿ ಎಳೆದರು. ಅಜ್ಜಿ ಆಗಾಗಲೇ ಹೋಗಿಯಾಗಿತ್ತು.

2025ರ ಜುಲೈ 14ರಂದು, ಲಾಂಚು ದಾಟಿಸುತ್ತಿದ್ದ ಅದೇ ನೀರಿನ ಮೇಲೆ, ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು, ಹತ್ತಿರ ಹತ್ತಿರ ಎರಡೂವರೆ ಕಿಲೋಮೀಟರು. ಹಳೇ ಲಾಂಚೇ ಚೆನ್ನಾಗಿತ್ತು ಅಂತ ಅಲ್ಲಿನವರ ಮುಂದೆ ಯಾರಾದರೂ ಅಂದರೆ ಹೊಡೆದಾರು, ಹೊಡೆಯಲೂಬೇಕು. ಸೇತುವೆ ಆದ ಮೇಲೆ ನಾವೂ ಒಮ್ಮೆ ಹೋದೆವು. ಹನ್ನೊಂದು ಜನರಲ್ಲಿ ನಾಲ್ವರು, ಎರಡು ಕಾರು, ಜೊತೆಗೆ ಮಂಡಿನೋವಿನ ದೊಡ್ಡಮ್ಮ. ಪುಳಿಯೋಗರೆ ಈಗ ಸ್ಟೀಲ್ ಕ್ಯಾರಿಯರಿನಲ್ಲಿ, ಆದರೂ ಮೇಲೆ ಅದೇ ಕೆಂಪು ಸೀರೆಯ ತುಂಡು, ನಾಲ್ಕು ಮೂಲೆ, ಎರಡೆರಡು ಗಂಟು. ಸಾಗರದಲ್ಲೇ ಮಕ್ಕಳು ಹಸಿವು ಅಂದಿದ್ದವು. ದೊಡ್ಡಮ್ಮ ಬಿಚ್ಚಿರಲಿಲ್ಲ.

“ನೀರು ಬಂತು ದೊಡ್ಡಮ್ಮ” ಅಂದೆವು. ಆಕೆ ಕಿಟಕಿ ಇಳಿಸಲು ಹೇಳಿ, ಗಂಟಿಗೆ ಕೈ ಹಾಕಿದಳು. ಬೆರಳಲ್ಲಿ ಬರಲಿಲ್ಲ. ಬಾಗಿ ಹಲ್ಲಿನಲ್ಲಿ ಹಿಡಿದಳು. ಒಂದು ಮೂಲೆ ಸಡಿಲವಾಗುವ ಹೊತ್ತಿಗೆ ಎರಡೂ ಕಡೆ ಮರಗಳು ಬಂದುಬಿಟ್ಟವು.

“ಮುಗೀತೇನ್ಲಾ?”

“ಹ್ಞೂಂ ದೊಡ್ಡಮ್ಮ.”

ಆಕೆ ಸಡಿಲವಾದ ಮೂಲೆಯನ್ನು ಎಳೆದು ಮತ್ತೆ ಗಂಟು ಹಾಕತೊಡಗಿದಳು.