ರಸ್ತೆಯ ಮೇಲೆ ಹಾಯಿದೋಣಿ

ಹೈದರಾಬಾದಿಗೆ ಹೋದವರು ಚಾರ್‌ಮಿನಾರ್ ನೋಡುತ್ತಾರೆ, ಬಿರಿಯಾನಿ ತಿನ್ನುತ್ತಾರೆ, ಹುಸೇನ್ ಸಾಗರದ ನಡುವಿನ ಬುದ್ಧನನ್ನು ಕಂಡು ಬರುತ್ತಾರೆ. ಮಳೆಗಾಲದಲ್ಲಿ ಹೋದವರಿಗೆ ಇನ್ನೊಂದು ನೋಟವುಂಟು. ‘ಹೈದರಾಬಾದ್ ಸೇಲಿಂಗ್ ವೀಕ್’ ನಡೆಯುವಾಗ ಕೆರೆಯ ತುಂಬ ಬಿಳಿ ಹಾಯಿಗಳು! ಸಮುದ್ರವೇ ಇಲ್ಲದ ಊರಿಗೆ ಪರವೂರಿನ ದೋಣಿಗಳು ಬರುವುದು ಮಾತ್ರ ರಸ್ತೆಯ ಮೇಲೆ.

ಮಕ್ಕಳ ದೋಣಿಯ ಹೆಸರು ಆಪ್ಟಿಮಿಸ್ಟ್. ಅಮೆರಿಕದ ಫ್ಲಾರಿಡಾದಲ್ಲಿ 1947ರಲ್ಲಿ ಕ್ಲಾರ್ಕ್ ಮಿಲ್ಸ್ ರೂಪಿಸಿದ್ದು. ಉದ್ದ 2.3 ಮೀಟರ್, ಒಡಲಿನ ತೂಕ 35 ಕಿಲೋ. ನೋಡಲು ಸ್ನಾನದ ತೊಟ್ಟಿಯಂತಿದ್ದರೂ ಗಾಳಿ ಸಿಕ್ಕರೆ ಬಲು ಚುರುಕು. ಬೆಂಗಳೂರಿನಿಂದ ಇದನ್ನು ಒಯ್ಯಬೇಕೆಂದರೆ ಸುಮಾರು 570 ಕಿಲೋಮೀಟರ್ ದಾರಿ. ದೋಣಿಯನ್ನು ಬೋರಲು ಹಾಕಿ, ಕೆಳಗೆ ಮೆತ್ತೆಯಿಟ್ಟು, ಅಗಲ ಪಟ್ಟಿಯಿಂದ ಕಟ್ಟಬೇಕು. ಅತಿಯಾಗಿ ಬಿಗಿದರೆ ಫೈಬರ್‌ಗ್ಲಾಸ್ ಬಿರುಕು ಬಿಟ್ಟೀತು. ಸಡಿಲವಾದರೆ ಪ್ರತಿ ಉಬ್ಬಿಗೂ ಉಜ್ಜೀತು. ಹತ್ತಿಪ್ಪತ್ತು ಕಿಲೋಮೀಟರ್ ಹೋದ ಮೇಲೆ ಇಳಿದು ಕಟ್ಟನ್ನು ಮತ್ತೊಮ್ಮೆ ಎಳೆದು ನೋಡುವುದು ಒಳ್ಳೆಯದು.

ಕೆರೆಯ ಹತ್ತಿರ ಇನ್ನೊಂದು ಎಚ್ಚರ. ರಸ್ತೆಯ ಟ್ರೇಲರನ್ನು ನೀರಿಗಿಳಿಸಬಾರದು. ಓಡಿ ಬಿಸಿಯಾದ ಚಕ್ರದ ಗುಂಬ ತಣ್ಣೀರಿಗೆ ಬಿದ್ದೊಡನೆ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರುತ್ತದೆ; ಗ್ರೀಸ್ ಕೆಟ್ಟು ಬೇರಿಂಗ್ ತುಕ್ಕು ಹಿಡಿಯುತ್ತದೆ. ನೀರಿಗಿಳಿಯಲು ಬೇರೆಯೇ ಸಣ್ಣ ಕೈಗಾಡಿ ಇರುತ್ತದೆ.

ನೀರಿನಲ್ಲಿ ಭಾರ ಸಾಗಿಸುವುದು ಹಗುರ ಮಾತಲ್ಲ ಎಂಬುದಕ್ಕೆ ಈ ಕೆರೆಯೇ ಸಾಕ್ಷಿ. 1990ರ ಮಾರ್ಚಿಯಲ್ಲಿ ಏಕಶಿಲೆಯ ಬುದ್ಧನನ್ನು ಹೊತ್ತ ತೆಪ್ಪ ಮಗುಚಿ ಜೀವಗಳೇ ಹೋದವು. ಎರಡು ವರ್ಷಕ್ಕೂ ಹೆಚ್ಚು ಕಾಲ ತಳದಲ್ಲಿದ್ದ ವಿಗ್ರಹ ಪೀಠವೇರಿದ್ದು 1992ರ ಡಿಸೆಂಬರ್‌ನಲ್ಲಿ.

ಪುಟ್ಟ ಆಪ್ಟಿಮಿಸ್ಟ್ ಕೂಡ ಮಗುಚುತ್ತದೆ. ಮಗುಚಿದ್ದನ್ನು ಎತ್ತುವುದೂ ಪಾಠದ ಒಂದು ಭಾಗ. ಆಗ ಅದನ್ನು ತೇಲಿಸುವುದು ಒಳಗಿನ ಮೂರು ಗಾಳಿಚೀಲಗಳು. ತಾಯ್ತಂದೆಯರು ಸಾಮಾನ್ಯವಾಗಿ ನೋಡುವುದು ಹಾಯಿ ಹೊಸದೋ ಹಳೆಯದೋ ಎಂದು. ಮೊದಲು ನೋಡಬೇಕಾದದ್ದು ಈ ಚೀಲಗಳನ್ನು. ಹಿಂದಿನ ರಾತ್ರಿ ಊದಿಟ್ಟ ಚೀಲ ಬೆಳಿಗ್ಗೆ ಮೆತ್ತಗಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಲೈಫ್ ಜಾಕೆಟ್ಟಿನ ಪಟ್ಟಿಯೂ ಹಾಗೆಯೇ, ಕಳೆದ ವರ್ಷದ ಮಗುವಿಗೆ ಸರಿಯಿದ್ದದ್ದು ಈ ವರ್ಷ ಬಿಗಿಯಾಗಿರಬಹುದು.

ಆಟ ಮುಗಿದ ಮೇಲೆ ದೋಣಿಗೆ ಶುದ್ಧ ನೀರಿನ ಸ್ನಾನ. ಹುಸೇನ್ ಸಾಗರದ ನೀರು ಬಲ್ಲವರಿಗೆ ಕಾರಣ ಹೇಳಬೇಕಿಲ್ಲ. ಹಾಯಿಯನ್ನು ನೆರಳಿನಲ್ಲಿ ಒಣಗಿಸಿ ಸುತ್ತಿಡಬೇಕು, ಸೀರೆಯಂತೆ ಮಡಿಸಬಾರದು. ಈ ಕೆಲಸವನ್ನು ಅಪ್ಪನಾಗಲಿ ಕ್ಲಬ್ಬಿನ ಆಳಾಗಲಿ ಮಾಡದೆ ಮಗುವೇ ಮಾಡಲಿ. ಹಗ್ಗದ ಎಳೆ ಎಲ್ಲಿ ಸವೆದಿದೆ ಎಂಬುದು ತೊಳೆದ ಕೈಗೇ ಮೊದಲು ತಿಳಿಯುವುದು.