ಲಿಟಲ್ಟನ್‌ನಲ್ಲಿ ಹದಿಮೂರು ದಿನ

ಹೊಗೆನಕಲ್ ಕಡೆಯ ಮಕ್ಕಳಿಗೆ ದೋಣಿಯ ವಿಷಯ ಹೇಳಹೊರಟರೆ ಪಾಠ ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಅಪ್ಪಂದಿರು ಹುಟ್ಟು ಹಾಕಿ ಬದುಕುವವರು. ಬಿದಿರಿನ ದಬ್ಬೆ ಹೆಣೆದು, ಹಾಳೆ ಹೊದಿಸಿ, ಡಾಂಬರು ಬಳಿಯುವುದನ್ನು ಮಕ್ಕಳು ಅಂಗಳದಲ್ಲೇ ಕಂಡಿದ್ದಾರೆ. ತಮಿಳಿನ ಪರಿಸಲ್, ಮನೆಯ ತೆಪ್ಪ, ಪುಸ್ತಕದ ಹರಿಗೋಲು ಎಲ್ಲ ಒಂದೇ ಎಂದು ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಹಾಗಾಗಿ ರೇಖಾಂಶದ ಪಾಠಕ್ಕೆ ಈ ಸಲ 'ತಾರಿಣಿ'ಯನ್ನೇ ಹಿಡಿದೆವು.

ನಿಮಗೆ ನೆನಪಿರಬಹುದು, ನಮ್ಮ ನೌಕಾಪಡೆಯ 56 ಅಡಿಯ ಹಾಯಿದೋಣಿ. ಅದರಲ್ಲಿ ಇಬ್ಬರೇ ಹೆಣ್ಣುಮಕ್ಕಳು, ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಕೋಝಿಕ್ಕೋಡಿನವರು, ಲೆಫ್ಟಿನೆಂಟ್ ಕಮಾಂಡರ್ ರೂಪಾ ಪುದುಚೇರಿಯವರು. 2024ರ ಅಕ್ಟೋಬರ್ 2ರಂದು ಗೋವಾ ಬಿಟ್ಟು, ಗಾಳಿಯನ್ನೇ ನಂಬಿ ಭೂಮಿ ಸುತ್ತಿ, 2025ರ ಮೇ 29ಕ್ಕೆ ಮರಳಿದರು.

ಪತ್ರಿಕೆಗಳಲ್ಲಿ ಹೆಚ್ಚು ಬಂದದ್ದು ಪಾಯಿಂಟ್ ನೆಮೋ ಸುದ್ದಿ. ಪೆಸಿಫಿಕ್ಕಿನ ಆ ಜಾಗದಿಂದ ಅತಿ ಹತ್ತಿರದ ನೆಲವೂ ಸುಮಾರು 2,688 ಕಿ.ಮೀ. ದೂರ. ದೊಡ್ಡ ಸಂಗತಿಯೇ. ಆದರೆ ನಮಗೆ ಹಿಡಿಸಿದ್ದು ಅದಕ್ಕೂ ಮೊದಲಿನ ನಿಲುಗಡೆ, ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಲಿಟಲ್ಟನ್. ಆರಿದ ಜ್ವಾಲಾಮುಖಿಯ ಬಾಯಿಗೆ ಸಮುದ್ರ ನುಗ್ಗಿ ಆದ ಬಂದರು ಅದು. ಅಲ್ಲಿನ ಗುಡ್ಡದ ಗೋಪುರದಿಂದ 1876ರಿಂದ 1934ರವರೆಗೆ ನಿಗದಿತ ಹೊತ್ತಿಗೆ ಒಂದು ದೊಡ್ಡ ಚೆಂಡನ್ನು ಇಳಿಬಿಡುತ್ತಿದ್ದರು. ಅದನ್ನು ನೋಡಿ ಹಡಗಿನವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. (ನಮ್ಮ ಮೆಟ್ಟೂರು ಅಣೆಕಟ್ಟು ಮುಗಿದದ್ದೂ 1934ರಲ್ಲೇ!) ನಡುಸಮುದ್ರದಲ್ಲಿ ಸೂರ್ಯ ನೆತ್ತಿಗೆ ಬಂದಾಗ ಆ ಗಡಿಯಾರ ಎಷ್ಟು ತೋರಿಸುತ್ತದೆ ನೋಡಿ, ಗಂಟೆಗೆ 15 ಡಿಗ್ರಿಯಂತೆ ಲೆಕ್ಕ ಹಾಕಿದರೆ ರೇಖಾಂಶ ಸಿಕ್ಕಿತು. 2011ರ ಭೂಕಂಪದಲ್ಲಿ ಬಿದ್ದ ಗೋಪುರವನ್ನು 2018ರಲ್ಲಿ ಮತ್ತೆ ಕಟ್ಟಿದ್ದಾರೆ.

ಎಂಟನೆಯ ತರಗತಿಯ ಹುಡುಗಿಯೊಬ್ಬಳಿಗೆ ಚೆಂಡು ಬೇಕಾಗಿರಲಿಲ್ಲ. "ಇಳಿದ ಮೇಲೆ ಮತ್ತೆ ಹೇಗೆ ಹತ್ತಿದರು ಸಾರ್?" ಎಂದಳು.

ಹೌದಲ್ಲ... ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಿಟ್ಟು 28 ದಿನ ನೀರಿನ ಮೇಲೇ ಇದ್ದು ಡಿಸೆಂಬರ್ 22ಕ್ಕೆ ಲಿಟಲ್ಟನ್ ಮುಟ್ಟಿದ್ದರು. ಅಲುಗದ ನೆಲ, ಮಾತಾಡಲು ಜನ. ಆದರೂ ಅದು ಬಿಡುವಲ್ಲ. ದೋಣಿಯ ದುರಸ್ತಿ ಆಗಬೇಕು, ಮುಂದಿನ ದಾರಿಗೆ ಸಾಮಾನು ತುಂಬಬೇಕು. 2025ರ ಜನವರಿ 4ಕ್ಕೆ ಮತ್ತೆ ಹೊರಟರು. ಮುಂದಿನದೇ ಎಲ್ಲಕ್ಕಿಂತ ಉದ್ದದ ಹಾದಿ. ಫಾಕ್‌ಲ್ಯಾಂಡ್ ದ್ವೀಪದ ಪೋರ್ಟ್ ಸ್ಟ್ಯಾನ್ಲಿಗೆ ಒಂದೂವರೆ ತಿಂಗಳು, ನಡುವೆ ಕೇಪ್ ಹಾರ್ನ್. ಗೊತ್ತಿದ್ದೇ ಹತ್ತಿದರು ನೋಡಿ. ಗೋವಾದಲ್ಲಿ ಮೊದಲ ಸಲ ಹತ್ತುವುದಕ್ಕಿಂತ ಇದಕ್ಕೇ ಹೆಚ್ಚು ಎದೆ ಬೇಕು ಎಂದು ನಮಗನಿಸುತ್ತದೆ.

ಆ ಹುಡುಗಿ ಸುಮ್ಮನೆ ಕೇಳಿರಲಿಲ್ಲ. ನಮ್ಮಲ್ಲಿ ಎಂಟಕ್ಕೆ ಮುಗಿಯಿತು. ಒಂಬತ್ತಕ್ಕೆ ಹಾಸ್ಟೆಲೇ ಗತಿ, ಮಾಧ್ಯಮವೂ ತಮಿಳು. ಹೊಳೆ ತುಂಬಿ ತೆಪ್ಪಗಳನ್ನು ನಿಲ್ಲಿಸಿದ್ದ ವಾರ ಅವರ ಮನೆಗೆ ಹೋದೆವು. ಅಪ್ಪ ಮನೆಯಲ್ಲೇ ಇದ್ದರು. ತೆಪ್ಪ ಬೋರಲಾಗಿ ಗೋಡೆಗೆ ಒರಗಿತ್ತು.

"ಎಂಟು ಸಾಕು ಸಾರ್. ಅಷ್ಟು ದೂರ ಒಬ್ಬಳೇ ಹೆಂಗೆ ಇರ್ತಾಳೆ?"

"ಒಬ್ಬಳೇ ಅಲ್ಲಪ್ಪ, ದೊಡ್ಡಪ್ಪನ ಮಗಳೂ ಬರ್ತಾಳೆ. ಇಬ್ಬರು," ಎಂದಳು ಒಳಗಿಂದ.

ಅವರು ನಮ್ಮ ಮುಖ ನೋಡಿದರು. ಅಟ್ಲಾಸ್ ಕಥೆಯೆಲ್ಲ ಮನೆಗೂ ಬಂದಿತ್ತೆಂದು ಕಾಣುತ್ತದೆ. "ನೀರು ಇಳೀಲಿ ಸಾರ್, ನೋಡೋಣ" ಎಂದರು.

ದೊಡ್ಡಪ್ಪನ ಮನೆಯಲ್ಲಿ ಒಪ್ಪಿದ್ದಾರೆ, ಜಾತಿ ಪ್ರಮಾಣಪತ್ರವೂ ಬಂದಿದೆ. ಇವಳದಕ್ಕೆ ಅಪ್ಪನ ಸಹಿ ಆಗಬೇಕು. ಅರ್ಜಿ ನಮ್ಮ ಚೀಲದಲ್ಲೇ ಇದೆ.